ಓದುಗರ ಪ್ರಶ್ನೆ, ನಮ್ಮ ಉತ್ತರ: ಪರದೇಶಕ್ಕೆ ಹೋಗಿ ಕಟ್ಟಡ ಕಟ್ಟುವ ಸೇವೆ

ಚರ್ಚುಗಳ ಮತ್ತು ಸೇವಾಸಂಸ್ಥೆಗಳ ತಂಡಗಳು ಬೇರೆ ದೇಶಕ್ಕೆ ಹೋಗಿ, ಒಂದೆರಡು ವಾರ ಅಲ್ಲಿದ್ದು, ಶಾಲೆ, ಪ್ರಾರ್ಥನಾ ಮಂದಿರ ಅಥವಾ ಮನೆಗಳನ್ನು ಕಟ್ಟಿಕೊಡುವ ಪದ್ಧತಿಯ ಬಗ್ಗೆ ಬೀದರ್, ಕಲಬುರಗಿ ಮತ್ತು ಯಾದಗಿರಿ ಜಿಲ್ಲೆಗಳ ಓದುಗರಿಂದ ಹಲವು ಪತ್ರಗಳು ಬಂದಿವೆ. ಹೀಗೆ ಹೋಗಲು ಹೊರಟವರೂ ಬರೆದಿದ್ದಾರೆ, ಅಂಥವರನ್ನು ತಮ್ಮೂರಿಗೆ ಬರಮಾಡಿಕೊಳ್ಳಲಿರುವವರೂ ಬರೆದಿದ್ದಾರೆ. ಈ ಸಲದ ಅಂಕಣವನ್ನು ಇದೊಂದೇ ವಿಷಯಕ್ಕೆ ಮೀಸಲಿಟ್ಟಿದ್ದೇವೆ. ಹೆಚ್ಚಿನವರು ಹೆಸರು ಬೇಡವೆಂದು ಕೇಳಿಕೊಂಡಿರುವುದರಿಂದ ಊರನ್ನಷ್ಟೇ ಸೂಚಿಸಿದೆ.

ಪ್ರಶ್ನೆ: ನಾನು ಸಿವಿಲ್ ಡಿಪ್ಲೊಮಾ ಮುಗಿಸಿ ಒಬ್ಬ ಗುತ್ತಿಗೆದಾರರ ಬಳಿ ಸೈಟ್ ಸೂಪರ್‌ವೈಸರ್ ಆಗಿದ್ದೇನೆ. ನಮ್ಮ ಸಭೆಯ ಹದಿನಾರು ಜನ ಯುವಕರು ಬರುವ ಏಪ್ರಿಲ್‌ನಲ್ಲಿ ಕೀನ್ಯಾ ದೇಶಕ್ಕೆ ಹೋಗಿ, ಹನ್ನೆರಡು ದಿನಗಳಲ್ಲಿ ಒಂದು ಹಳ್ಳಿಯ ಶಾಲೆಗೆ ಎರಡು ಕೋಣೆಗಳನ್ನು ಕಟ್ಟಿಕೊಡಬೇಕೆಂದು ನಿಶ್ಚಯವಾಗಿದೆ. ಖರ್ಚು ತಲೆಗೆ 1.75 ಲಕ್ಷ, ಒಟ್ಟು 28 ಲಕ್ಷ ರೂಪಾಯಿ. ಅದರಲ್ಲಿ ಕಟ್ಟಡದ ಸಾಮಾನಿಗೆ 4 ಲಕ್ಷ ತೆಗೆದಿಟ್ಟಿದ್ದಾರೆ. ತಂದೆಯವರು ತೊಗರಿ ಮಾರಿದ ಹಣವನ್ನು ಕೊಡಲು ಸಿದ್ಧರಿದ್ದಾರೆ. ನಾನು ಹೋಗುವುದು ಸರಿಯೇ?
— ಭಾಲ್ಕಿ ತಾಲ್ಲೂಕಿನ ಓದುಗ

ಉತ್ತರ: ನಿಮ್ಮ ಪತ್ರದಲ್ಲಿರುವ ಎರಡು ಅಂಕಿಗಳನ್ನು ಮೊದಲು ಪಕ್ಕಪಕ್ಕದಲ್ಲಿಟ್ಟು ನೋಡಿ. 28 ಲಕ್ಷದಲ್ಲಿ 24 ಲಕ್ಷ ವಿಮಾನ, ವಸತಿ, ಊಟ, ವಿಮೆಗಳಿಗೆ ಹೋಗಿ, ಗೋಡೆಗೆ ತಲುಪುವುದು ಏಳರಲ್ಲಿ ಒಂದು ಪಾಲು ಮಾತ್ರ. ಇದು ನಿಮ್ಮ ಸಭೆಯವರ ತಪ್ಪು ಲೆಕ್ಕವೆಂದು ನಾವು ಹೇಳುತ್ತಿಲ್ಲ. ಇಂಥ ಪ್ರವಾಸಗಳ ಲೆಕ್ಕ ಬೇರೆ ಕಡೆಗಳಲ್ಲೂ ಹೀಗೆಯೇ ಇರುತ್ತದೆ. ಈ ಪದ್ಧತಿ ಬಹಳವಾಗಿ ಬೆಳೆದಿರುವುದು ಅಮೆರಿಕದಲ್ಲಿ. ಅಲ್ಲಿನ ಚರ್ಚುಗಳ ಸದಸ್ಯರಲ್ಲಿ ವರ್ಷಕ್ಕೆ ಸುಮಾರು 16 ಲಕ್ಷ ಜನ ಅಲ್ಪಾವಧಿಯ ಸೇವೆಗೆಂದು ಹೊರದೇಶಗಳಿಗೆ ಹೋಗುತ್ತಾರೆಂದು ಸಮಾಜಶಾಸ್ತ್ರಜ್ಞ ರಾಬರ್ಟ್ ವುತ್ನೋ ಅವರು 2005ರ ಸಮೀಕ್ಷೆಯೊಂದರ ಆಧಾರದಿಂದ ಅಂದಾಜು ಮಾಡಿದ್ದರು. 1998ರಲ್ಲಿ ಮಿಚ್ ಚಂಡಮಾರುತವು ಮಧ್ಯ ಅಮೆರಿಕದ ಹೊಂಡುರಾಸ್ ದೇಶವನ್ನು ಧ್ವಂಸ ಮಾಡಿದ ಮೇಲೆ ಅಮೆರಿಕ ಮತ್ತು ಕೆನಡಾಗಳಿಂದ ಇಂಥ ಅನೇಕ ತಂಡಗಳು ಮನೆ ಕಟ್ಟಿಕೊಡಲು ಅಲ್ಲಿಗೆ ಹೋದವು. ಅದೇ ದೇಶದಲ್ಲಿ ನೆಲೆಸಿದ್ದ ಕರ್ಟ್ ವರ್ ಬೀಕ್ ಎಂಬ ಸಮಾಜಶಾಸ್ತ್ರದ ಅಧ್ಯಾಪಕರು, ಹೊರಗಿನ ತಂಡಗಳು ಕಟ್ಟಿದ ಮನೆಗಳಲ್ಲಿ ಇರುವವರನ್ನೂ ಸ್ಥಳೀಯ ಸಂಸ್ಥೆಗಳು ಸ್ಥಳೀಯ ಕೆಲಸಗಾರರಿಂದ ಕಟ್ಟಿಸಿದ ಮನೆಗಳಲ್ಲಿ ಇರುವವರನ್ನೂ ಭೇಟಿಯಾಗಿ ವಿಚಾರಿಸಿದರು. ಸುಮಾರು 2,000 ಡಾಲರಿನಲ್ಲಿ ಆಗುವ ಒಂದು ಮನೆಗೆ ಒಂದು ತಂಡ ಪ್ರಯಾಣವೂ ಸೇರಿ 30,000 ಡಾಲರಿನಷ್ಟು ಖರ್ಚು ಮಾಡಿದೆ ಎಂಬುದೂ, ಮನೆ ಪಡೆದ ಕುಟುಂಬಗಳ ಬದುಕಿನಲ್ಲಿ ಎರಡೂ ಬಗೆಯ ಮನೆಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಿಲ್ಲ ಎಂಬುದೂ ಅವರಿಗೆ ಕಂಡುಬಂತು. ಹೋಗಿಬಂದವರು ಆಮೇಲೆ ಕೈಬಿಚ್ಚಿ ದಾನ ಮಾಡುತ್ತಾರೆ ಎಂಬ ಮಾತೊಂದಿದೆಯಲ್ಲ, ಅದನ್ನೂ ಅವರು ದಾನದ ದಾಖಲೆಗಳಲ್ಲಿ ಹುಡುಕಿದರು. ಅಲ್ಲೂ ಹೆಚ್ಚಿನ ಬದಲಾವಣೆ ಸಿಗಲಿಲ್ಲ.

ಹಣದ ಮಾತನ್ನು ಬದಿಗಿಟ್ಟು, ನೀವು ಓದಿದ ವಿಷಯಕ್ಕೇ ಬರೋಣ. ಹನ್ನೆರಡು ದಿನಗಳಲ್ಲಿ ಪಾಯಾದಿಂದ ಚಾವಣಿಯವರೆಗೆ ಎರಡು ಕೋಣೆಗಳು ಏಳುವುದಿಲ್ಲ ಎಂಬುದು ನಿಮಗೆ ನಮಗಿಂತ ಚೆನ್ನಾಗಿ ಗೊತ್ತು. ಕಾಂಕ್ರೀಟ್ ತನ್ನ ಸಮಯವನ್ನು ತೆಗೆದುಕೊಳ್ಳುತ್ತದೆ, ಹದಿನಾರು ಜನ ಸೇರಿದರೆಂದು ಅದು ಬೇಗ ಗಟ್ಟಿಯಾಗುವುದಿಲ್ಲ. ಕಾಂಕ್ರೀಟ್ ಕೆಲಸಕ್ಕೆ ನಮ್ಮ ದೇಶದ ಮಾನಕವಾದ ಐಎಸ್ 456 ಸಂಹಿತೆಯ ಪ್ರಕಾರ ಸಾಧಾರಣ ಸಿಮೆಂಟಿಗೆ ಕನಿಷ್ಠ 7 ದಿನ, ಒಣಹವೆಯ ಬಿಸಿಲಿದ್ದರೆ 10 ದಿನ ನೀರುಣಿಸಬೇಕು. ಹಾರುಬೂದಿ ಬೆರೆತ ಸಿಮೆಂಟಿಗಾದರೆ ಇನ್ನೂ ಹೆಚ್ಚು. ನಾಲ್ಕೂವರೆ ಮೀಟರಿಗಿಂತ ಅಗಲದ ಸ್ಲ್ಯಾಬ್ ಹಾಕಿದರೆ ಕೆಳಗಿನ ಆಸರೆಗಳನ್ನು 14 ದಿನ ಬಿಚ್ಚುವಂತಿಲ್ಲ. ಕೀನ್ಯಾದ ಹಳ್ಳಿ ಶಾಲೆಗಳಿಗೆ ಸಾಮಾನ್ಯವಾಗಿ ಸ್ಲ್ಯಾಬ್ ಹಾಕದೆ ಮರದ ಕೈಂಚಿಗಳ ಮೇಲೆ ತಗಡು ಹೊದಿಸುತ್ತಾರೆ, ಹಾಗಾಗಿ ಆ ಭಾಗ ಹಗುರವಾಯಿತೆನ್ನಿ. ಆದರೂ ಪಾಯಾ ಮತ್ತು ಗೋಡೆಯ ಮೇಲಿನ ಬೆಲ್ಟ್ ತಮ್ಮ ದಿನಗಳನ್ನು ಕೇಳಿಯೇ ಕೇಳುತ್ತವೆ. ಆದ್ದರಿಂದ ಇಂಥ ಕಡೆಗಳಲ್ಲಿ ನಡೆಯುವುದೇನೆಂದರೆ, ತಂಡ ಬರುವ ಮೊದಲೇ ಊರಿನ ಗೌಂಡಿಗಳು, ಅಲ್ಲಿಯವರ ಮಾತಿನಲ್ಲಿ ಫುಂಡಿಗಳು, ಪಾಯಾ ಮುಗಿಸಿರುತ್ತಾರೆ. ತಂಡ ಗೋಡೆಯ ಒಂದಷ್ಟು ಭಾಗವನ್ನು ಏರಿಸುತ್ತದೆ. ತಂಡ ಹೋದ ಮೇಲೆ ಉಳಿದದ್ದನ್ನು ಮತ್ತೆ ಅವರೇ ಮುಗಿಸುತ್ತಾರೆ. ಕಟ್ಟಡ ನಿಲ್ಲುವುದು ಅವರ ಕೆಲಸದ ಮೇಲೆ, ಫಲಕದಲ್ಲಿ ಬರುವುದು ಇನ್ನೊಬ್ಬರ ಹೆಸರು.

ಏಪ್ರಿಲ್ ತಿಂಗಳ ಆಯ್ಕೆಯಂತೂ ನಮಗೆ ಅರ್ಥವಾಗಲಿಲ್ಲ. ನಮ್ಮಲ್ಲಿ ಅದು ಬೇಸಿಗೆ ರಜೆ, ಎಲ್ಲರಿಗೂ ಬಿಡುವು. ಆದರೆ ಕೀನ್ಯಾದಲ್ಲಿ ಮಾರ್ಚ್‌ನಿಂದ ಮೇ ವರೆಗೆ ದೊಡ್ಡ ಮಳೆಗಾಲ, ಅಕ್ಟೋಬರ್‌ನಿಂದ ಡಿಸೆಂಬರ್ ವರೆಗೆ ಸಣ್ಣ ಮಳೆಗಾಲ. ಮಣ್ಣಿನ ರಸ್ತೆಯಲ್ಲಿ ಸಿಮೆಂಟಿನ ಲಾರಿ ಹೂತುಕೊಂಡರೆ ನಿಮ್ಮ ಹನ್ನೆರಡು ದಿನಗಳಲ್ಲಿ ನಾಲ್ಕೈದು ಅಲ್ಲಿಯೇ ಕಳೆದುಹೋದವು. ಕಟ್ಟುವುದೇ ಉದ್ದೇಶವಾಗಿದ್ದರೆ ಜನವರಿ–ಫೆಬ್ರುವರಿ ಅಥವಾ ಜೂನ್‌ನಿಂದ ಸೆಪ್ಟೆಂಬರ್ ನಡುವಿನ ತಿಂಗಳುಗಳು ಸರಿ. ಕಟ್ಟುವವರ ಅನುಕೂಲದಿಂದ ತಿಂಗಳು ಗೊತ್ತಾಗಿದೆಯೋ ಕಟ್ಟಡದ ಅನುಕೂಲದಿಂದಲೋ ಎಂದು ನಿಮ್ಮ ಸಭೆಯ ಹಿರಿಯರನ್ನು ಮರ್ಯಾದೆಯಿಂದಲೇ ಕೇಳಿ.

ಹಾಗೆಂದು ಹೋಗಲೇಬೇಡಿ ಎಂದು ನಾವು ಹೇಳುವುದಿಲ್ಲ. ನಿಮ್ಮ ವಿಷಯದಲ್ಲಿ ಒಂದು ವಿಶೇಷವಿದೆ. ನೈರೋಬಿಯ ಸುತ್ತಮುತ್ತ ಮತ್ತು ಅದರಾಚೆಯ ಬಯಲುಗಳಲ್ಲಿ ನಮ್ಮ ಭಾಲ್ಕಿ, ಔರಾದ್, ಜೇವರ್ಗಿಗಳಲ್ಲಿ ಇರುವಂಥ ಕಪ್ಪು ಎರೆಮಣ್ಣೇ ಇದೆ. ಮಳೆಗೆ ಉಬ್ಬಿ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುವ ಈ ಮಣ್ಣಿನ ಮೇಲೆ ಎರಡಡಿ ಅಗೆದು ಕಟ್ಟಿದ ಗೋಡೆ ಮೂರನೆಯ ವರ್ಷಕ್ಕೆ ಕಿಟಕಿಯ ಮೂಲೆಯಿಂದ ಓರೆಯಾಗಿ ಸೀಳುವುದನ್ನು ನೀವು ಎಷ್ಟೋ ಮನೆಗಳಲ್ಲಿ ನೋಡಿರುತ್ತೀರಿ. ಎರೆಯನ್ನು ಪೂರ್ತಿ ತೆಗೆದು ಗಟ್ಟಿ ಮುರುಮಿನವರೆಗೆ ಇಳಿಯಬೇಕು. ಇಲ್ಲವೇ ತೆಗೆದ ಜಾಗಕ್ಕೆ ಮುರುಮು ತುಂಬಿ ಪದರ ಪದರವಾಗಿ ದಮ್ಮಸು ಮಾಡಬೇಕು. ಪಾಯಾದ ಮೇಲೆ, ಗೋಡೆಯ ಬುಡದಲ್ಲಿ ಸುತ್ತಲೂ ಕಾಂಕ್ರೀಟಿನ ಪ್ಲಿಂತ್ ಬೀಮು ಹಾಕಬೇಕು. ಚಾವಣಿಯ ನೀರು ಗೋಡೆಯ ಬುಡಕ್ಕೆ ಬೀಳದಂತೆ ಸುತ್ತಲೂ ಇಳಿಜಾರು ಕೊಡಬೇಕು. ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುವ ನಿಮ್ಮ ಗೆಳೆಯರಿಗೆ ಇದು ತಿಳಿದಿರುವುದಿಲ್ಲ. ಹದಿನಾರು ಜನ ಹನ್ನೆರಡು ದಿನ ಹೋಗುವ ಬದಲು ನಿಮ್ಮಂಥ ಇಬ್ಬರು ಮೂವರು ಎರಡು ತಿಂಗಳು ಹೋಗಿ, ಅಲ್ಲಿನ ಫುಂಡಿಗಳ ಜೊತೆ ಪಾಯಾದ ಹಂತದಲ್ಲಿ ನಿಂತು, ಉಳಿದವರ ಪ್ರಯಾಣದ ಹಣ ಅವರ ಕೂಲಿಗೂ ಸಾಮಾನಿಗೂ ಹೋಗುವಂತೆ ಮಾಡಿದರೆ, ಅದೇ ಮೊತ್ತದಲ್ಲಿ ಎರಡಕ್ಕಿಂತ ಹೆಚ್ಚು ಕೋಣೆಗಳಾಗುತ್ತವೆ. ಹಣ ಕಳಿಸುವಾಗ ಒಂದು ಎಚ್ಚರ ಬೇಕು. ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಡಿ ಒಬ್ಬ ವ್ಯಕ್ತಿ ವರ್ಷಕ್ಕೆ 2.5 ಲಕ್ಷ ಡಾಲರಿನವರೆಗೆ, ದಾನವೂ ಸೇರಿ, ಬ್ಯಾಂಕಿನ ಮೂಲಕ ಹೊರಗೆ ಕಳಿಸಬಹುದು. ಆದರೆ ನಿಮ್ಮ ಸಭೆಯ ಟ್ರಸ್ಟೇ ತನ್ನ ಹಣವನ್ನು ದೇಶದ ಹೊರಗೆ ಖರ್ಚು ಮಾಡಿದರೆ ಆದಾಯ ತೆರಿಗೆಯ ವಿನಾಯಿತಿಗೆ ಧಕ್ಕೆ ಬರುತ್ತದೆ. ಲೆಕ್ಕಪರಿಶೋಧಕರನ್ನು ಕೇಳದೆ ಆ ಕೆಲಸಕ್ಕೆ ಕೈಹಾಕಬೇಡಿ.

ಹಿರಿಯರು ಒಪ್ಪದೆ ಹದಿನಾರೂ ಜನ ಹೊರಡುವುದೇ ಆದರೆ, ಹೊರಡುವ ಮುಂಚೆ ಆತಿಥೇಯ ಸಭೆಯಿಂದ ಇಷ್ಟಕ್ಕೆ ಲಿಖಿತ ಉತ್ತರ ತರಿಸಿಕೊಳ್ಳಿ: ಜಾಗ ಯಾರ ಹೆಸರಿನಲ್ಲಿದೆ, ನಕ್ಷೆಗೆ ಅಲ್ಲಿನ ಕೌಂಟಿ ಆಡಳಿತದ ಮಂಜೂರಾತಿ ಇದೆಯೇ, ಕೋಣೆ ಬೇಕೆಂದು ಕೇಳಿದವರು ಶಾಲೆಯವರೋ ಅಥವಾ ತಂಡ ಬರುತ್ತದೆಂದು ಹುಡುಕಿದ ಕೆಲಸವೋ, ಕೋಣೆಯಾದ ಮೇಲೆ ಅದರಲ್ಲಿ ಪಾಠ ಮಾಡುವ ಶಿಕ್ಷಕರ ಸಂಬಳ ಯಾರದು. ಕೊನೆಯ ಪ್ರಶ್ನೆಗೆ ಸರಿಯಾದ ಉತ್ತರ ಬರದಿದ್ದರೆ ತಂದೆಯವರ ತೊಗರಿಯ ಹಣ ಮನೆಯಲ್ಲಿಯೇ ಇರಲಿ.

ಪ್ರಶ್ನೆ: ಮಗಳು ಇಂಥದೇ ತಂಡದಲ್ಲಿ ಆಫ್ರಿಕಾಕ್ಕೆ ಹೋಗುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಯಾವುದೋ ಚುಚ್ಚುಮದ್ದು ಬೇಕಂತೆ. ಬೀದರಿನಲ್ಲಿ ಸಿಗಲಿಲ್ಲ. ಅದಿಲ್ಲದೆ ಹೋದರೆ ಏನಾಗುತ್ತದೆ?
— ಹುಮನಾಬಾದಿನ ಒಬ್ಬ ತಾಯಿ

ಉತ್ತರ: ತಾಯಿಯವರೇ, ಅದು ಹಳದಿ ಜ್ವರದ ಲಸಿಕೆ. ಹೋಗುವಾಗ ಯಾರೂ ಕೇಳದಿದ್ದರೂ ಮರಳುವಾಗ ನಮ್ಮದೇ ವಿಮಾನ ನಿಲ್ದಾಣದಲ್ಲಿ ಕೇಳುತ್ತಾರೆ. ಕೀನ್ಯಾ ಸೇರಿದಂತೆ ಆ ರೋಗವಿರುವ ದೇಶಗಳಿಂದ ಬರುವವರ ಬಳಿ ಪ್ರಮಾಣಪತ್ರ ಇಲ್ಲದಿದ್ದರೆ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸುವ ಅಧಿಕಾರ ನಮ್ಮ ನಿಲ್ದಾಣದ ಆರೋಗ್ಯಾಧಿಕಾರಿಗಳಿಗಿದೆ. ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲು ಲಸಿಕೆ ಹಾಕಿಸಿರಬೇಕು. ಒಮ್ಮೆ ಹಾಕಿಸಿದರೆ ಪ್ರಮಾಣಪತ್ರ ಆಜೀವ ಪರ್ಯಂತ ನಡೆಯುತ್ತದೆ. ಸರ್ಕಾರ ಗೊತ್ತುಪಡಿಸಿದ ಕೇಂದ್ರಗಳಲ್ಲಿ ಮಾತ್ರ ಇದನ್ನು ಕೊಡುತ್ತಾರೆ. ನಿಮಗೆ ಹತ್ತಿರವಾದದ್ದು ಹೈದರಾಬಾದಿನ ನಾರಾಯಣಗುಡದಲ್ಲಿರುವ ಇನ್‌ಸ್ಟಿಟ್ಯೂಟ್ ಆಫ್ ಪ್ರಿವೆಂಟಿವ್ ಮೆಡಿಸಿನ್; ಪಾಸ್‌ಪೋರ್ಟ್ ಒಯ್ಯಬೇಕು, ದಿನ ಮತ್ತು ವೇಳೆಯನ್ನು ಮೊದಲೇ ವಿಚಾರಿಸಿಕೊಂಡು ಹೋಗಬೇಕು. ಮೊಟ್ಟೆ ಒಗ್ಗದವರು, ಗರ್ಭಿಣಿಯರು ವೈದ್ಯರಿಗೆ ತಪ್ಪದೆ ಹೇಳಬೇಕು. ಮಲೇರಿಯಾ ಮಾತ್ರೆಯನ್ನೂ ವೈದ್ಯರು ಬರೆದುಕೊಟ್ಟಂತೆ, ಬಂದ ಮೇಲೂ ಅವರು ಹೇಳಿದಷ್ಟು ದಿನ ತಪ್ಪದೆ ತೆಗೆದುಕೊಳ್ಳಬೇಕು. ಇನ್ನು ಟೆಟನಸ್ ಚುಚ್ಚುಮದ್ದು: ಕಾಡುಪ್ರಾಣಿಯ ಭಯಕ್ಕಿಂತ ತುಕ್ಕು ಹಿಡಿದ ಮೊಳೆಯ ಭಯ ಕಟ್ಟಡದ ಕೆಲಸದಲ್ಲಿ ಹೆಚ್ಚು.

ಪ್ರಶ್ನೆ: ಸಾಹೇಬರೇ, ನಾನು ಇಪ್ಪತ್ತು ವರ್ಷದಿಂದ ಗೌಂಡಿ ಕೆಲಸ ಮಾಡುವವನು. ಹಿಂದೊಮ್ಮೆ ಒಂದು ವಸತಿನಿಲಯದ ಕೆಲಸಕ್ಕೆ ವಿದೇಶದವರು ಇಪ್ಪತ್ತು ಜನ ಬಂದಿದ್ದರು. ಒಳ್ಳೆಯ ಜನ, ಬಿಸಿಲಿನಲ್ಲಿ ನಮ್ಮ ಸಮ ದುಡಿದರು. ಆದರೆ ಅವರು ಹಗಲು ಕಟ್ಟಿದ ಗೋಡೆ ಎರಡು ಬೆರಳು ಹೊರಗೆ ವಾಲಿತ್ತು. ಅವರು ಸಂಜೆ ಲಾಡ್ಜಿಗೆ ಹೋದ ಮೇಲೆ ಕೆಡವಿ ಮತ್ತೆ ಕಟ್ಟಿರೆಂದು ಗುತ್ತಿಗೆದಾರರು ನಮಗೆ ಹೇಳಿದರು. ಬೆಳಿಗ್ಗೆ ಅವರು ಬಂದು ಆ ಗೋಡೆಯ ಮುಂದೆ ಫೋಟೊ ತೆಗೆಸಿಕೊಂಡರು. ಮತ್ತೆ ಅಂಥ ಕೆಲಸ ಬಂದಿದೆ. ಈ ಸಲ ಅವರಿಗೆ ನಿಜ ಹೇಳಬೇಕೋ, ಸುಮ್ಮನಿರಬೇಕೋ?
— ಚಿತ್ತಾಪುರದ ಗೌಂಡಿ

ಉತ್ತರ: ಹೇಳಬೇಕು, ಮತ್ತು ಮೊದಲನೆಯ ದಿನವೇ ಹೇಳಬೇಕು. ಈ ಸಲದ ಪತ್ರಗಳಲ್ಲೆಲ್ಲ ನಿಮ್ಮದು ನಮ್ಮನ್ನು ಹೆಚ್ಚು ಹೊತ್ತು ಯೋಚನೆಗೆ ಹಚ್ಚಿತು, ಏಕೆಂದರೆ ಮಧ್ಯ ಅಮೆರಿಕದಿಂದಲೂ ಆಫ್ರಿಕಾದಿಂದಲೂ ಇದೇ ರೀತಿಯ ಸಂಗತಿಗಳು ಕೇಳಿಬರುತ್ತವೆ. ರಾತ್ರಿ ಕೆಡವಿ ಕಟ್ಟುವವನ ನಿದ್ದೆಗೂ ಕೂಲಿಗೂ ಯಾರ ಲೆಕ್ಕಪತ್ರದಲ್ಲೂ ಜಾಗ ಇರುವುದಿಲ್ಲ.

ನಿಮಗೆ ತಿಳಿದ ಸಂಗತಿಯನ್ನೇ ಇತರ ಓದುಗರಿಗಾಗಿ ವಿವರಿಸುತ್ತೇವೆ. ಗೋಡೆಯ ಎರಡು ಮೂಲೆಗಳನ್ನು ಮೊದಲು ಎಬ್ಬಿಸಿ, ತೂಗುಗುಂಡು ಬಿಟ್ಟು ನೇರ ನೋಡಿ, ಮೂಲೆಯಿಂದ ಮೂಲೆಗೆ ದಾರ ಬಿಗಿದು, ಆ ದಾರಕ್ಕೆ ತಾಗೀತೋ ತಾಗದೋ ಎಂಬಂತೆ ಇಟ್ಟಿಗೆಯ ಅಂಚನ್ನು ಕೂಡಿಸುತ್ತ ಹೋಗುವುದು ಪಳಗಿದ ಕೈಯ ಕ್ರಮ. ಹೊಸಬರು ಇಟ್ಟಿಗೆಯನ್ನು ದಾರಕ್ಕೆ ಒತ್ತುತ್ತಾರೆ. ದಾರ ಒಂದು ನೂಲಿನಷ್ಟು ಹೊರಗೆ ಬಾಗುತ್ತದೆ. ಮುಂದಿನ ಇಟ್ಟಿಗೆ ಆ ಬಾಗಿದ ದಾರಕ್ಕೆ ಸರಿಹೋಗುತ್ತದೆ. ವರಸೆಯ ಮೇಲೆ ವರಸೆ ಏರಿದಂತೆ ಆ ನೂಲೇ ಎರಡು ಬೆರಳಾಗುತ್ತದೆ. ಅದರ ಜೊತೆಗೆ ಇಟ್ಟಿಗೆಯನ್ನು ನೆನೆಸಿರುವುದಿಲ್ಲ, ಹತ್ತು ಮಿಲಿಮೀಟರ್ ಇರಬೇಕಾದ ಸಂದಿನಲ್ಲಿ ಹೆಬ್ಬೆರಳು ದಪ್ಪದ ಮಾಲು, ಅಂದರೆ ಸಿಮೆಂಟ್ ಉಸುಕಿನ ಗಾರೆ, ತುಂಬಿರುತ್ತದೆ, ಉತ್ಸಾಹದಲ್ಲಿ ಗೋಡೆಯನ್ನು ಒಂದೇ ದಿನ ಆಳೆತ್ತರಕ್ಕೆ ಏರಿಸಿರುತ್ತಾರೆ. ಹಸಿ ಗೋಡೆಯನ್ನು ದಿನಕ್ಕೆ ಒಂದೂವರೆ ಮೀಟರಿಗಿಂತ ಹೆಚ್ಚು ಏರಿಸಬಾರದೆಂಬ ನಿಯಮವನ್ನು ಅವರಿಗೆ ಯಾರೂ ಹೇಳಿರುವುದಿಲ್ಲ. ಇದರಲ್ಲಿ ಅವರ ದೋಷ ಕಡಿಮೆ. ವರ್ಷಗಟ್ಟಲೆ ಬಿಗಾರಿಯಾಗಿ ಪುಟ್ಟಿ ಹೊತ್ತು, ಆಮೇಲೆ ಕರಣಿ ಹಿಡಿದವರು ನೀವು. ಅವರ ಕೈಗೆ ಬಂದ ದಿನವೇ ಕರಣಿ ಕೊಟ್ಟವರು ಹೊಣೆಗಾರರು.

ಈ ಸಲ ಕೆಲಸ ಶುರುವಾಗುವ ಮೊದಲು ಗುತ್ತಿಗೆದಾರರನ್ನೂ ತಂಡದ ಮುಖಂಡರನ್ನೂ ಕೂಡಿಸಿ, ದುಭಾಷಿಯ ಮುಂದೆ ಹೀಗೆ ಹೇಳಿ: ಮೂಲೆ, ಬಾಗಿಲು ಕಿಟಕಿಗಳ ಬದಿ, ಲಿಂಟಲ್ ಮತ್ತು ಸೆಂಟ್ರಿಂಗ್ ಗೌಂಡಿಗಳ ಕೈಯಲ್ಲೇ ಇರಬೇಕು, ಉಸುಕು ಜರಡಿ ಹಿಡಿಯುವುದು, ಇಟ್ಟಿಗೆ ನೆನೆಸಿ ಸಾಗಿಸುವುದು, ಮಾಲು ಕಲೆಸುವುದು, ಕಬ್ಬಿಣಕ್ಕೆ ತಂತಿ ಕಟ್ಟುವುದು, ಬೆಳಿಗ್ಗೆ ಸಂಜೆ ಗೋಡೆಗೆ ನೀರು ಹಾಕುವುದು ಮತ್ತು ಕೊನೆಗೆ ಬಣ್ಣ ಬಳಿಯುವುದು ಅವರದಾಗಲಿ. ಗೋಡೆ ಕಟ್ಟಲೇಬೇಕೆಂಬ ಆಸೆ ಇದ್ದವರಿಗೆ ಕಾಂಪೌಂಡಿನ ಒಂದು ತುಂಡು ಬಿಟ್ಟುಕೊಡಿ, ಅಲ್ಲಿ ಎರಡು ಬೆರಳು ವಾಲಿದರೆ ಯಾರ ತಲೆಯ ಮೇಲೂ ಬೀಳುವುದಿಲ್ಲ. ಹೀಗೆ ಹೇಳಿದರೆ ಅವರಿಗೆ ಬೇಸರವಾಗುತ್ತದೆಂದು ಗುತ್ತಿಗೆದಾರರು ಹೆದರಬಹುದು. ಅಷ್ಟು ದೂರದಿಂದ ದುಡಿಯಲು ಬಂದವರು ಅಷ್ಟಕ್ಕೆ ಬೇಸರಪಡುವುದಿಲ್ಲ ಎಂಬುದು ನಮ್ಮ ನಂಬಿಕೆ; ಕೆಡವಿ ಕಟ್ಟಿದ್ದು ಆಮೇಲೆ ತಿಳಿದರೆ ಮಾತ್ರ ಖಂಡಿತ ಬೇಸರಪಡುತ್ತಾರೆ.

ರಾತ್ರಿಯ ಕೆಲಸದ ಕೂಲಿಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಕಟ್ಟಡ ಕಾರ್ಮಿಕರ ಹೆಚ್ಚುವರಿ ಅವಧಿಯ ದುಡಿಮೆಗೆ ದುಪ್ಪಟ್ಟು ದರದ ಕೂಲಿ ಕೊಡಬೇಕೆಂಬುದು ಕಾನೂನು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡನ್ನು ಮಾಡಿಸಿಲ್ಲದಿದ್ದರೆ ಮಾಡಿಸಿಕೊಳ್ಳಿ: 18ರಿಂದ 60 ವರ್ಷದೊಳಗಿದ್ದು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದವರಿಗೆ ನೋಂದಣಿ ಆಗುತ್ತದೆ.

ಪ್ರಶ್ನೆ: ನಮ್ಮ ಹಳ್ಳಿಯಲ್ಲಿ ಸಮುದಾಯ ಭವನ ಕಟ್ಟಲು ಹೊರದೇಶದ ಒಂದು ಸಭೆಯವರು ಬರುತ್ತೇವೆ ಎಂದಿದ್ದಾರೆ. ಅವರಲ್ಲಿ ಇಬ್ಬರು ಮೂಲತಃ ನಮ್ಮ ಕಡೆಯವರೇ, ಈಗ ಅಲ್ಲಿನ ಪೌರರು. ಪ್ರವಾಸಿ ವೀಸಾದ ಮೇಲೆ ಬಂದು, ಸಿಮೆಂಟಿನ ಹಣವನ್ನು ಇಲ್ಲಿಗೆ ಬಂದ ಮೇಲೆ ರೂಪಾಯಿಯಲ್ಲೇ ನಮ್ಮ ಕಮಿಟಿಗೆ ಕೊಡುತ್ತಾರಂತೆ. ರೂಪಾಯಿಯಲ್ಲಿ ಕೊಟ್ಟರೆ ತೊಂದರೆ ಇಲ್ಲವೆಂದು ಒಬ್ಬರು ಹೇಳಿದರು. ನಿಜವೇ?
— ಶಹಾಪುರ ತಾಲ್ಲೂಕು, ಯಾದಗಿರಿ ಜಿಲ್ಲೆ

ಉತ್ತರ: ನಿಜವಲ್ಲ. ನಿಮಗೆ ಹೀಗೆ ಹೇಳಿದವರು ನಿಮ್ಮನ್ನು ದೊಡ್ಡ ತೊಡಕಿಗೆ ನೂಕುತ್ತಿದ್ದಾರೆ. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ನೋಡುವುದು ಕೊಡುವವರು ಯಾರು ಎಂಬುದನ್ನು, ಯಾವ ನಾಣ್ಯದಲ್ಲಿ ಕೊಟ್ಟರು ಎಂಬುದನ್ನಲ್ಲ. ವಿದೇಶದ ಪೌರನೊಬ್ಬ ಕಲಬುರಗಿಯ ಎಟಿಎಂನಿಂದ ತೆಗೆದ ರೂಪಾಯಿಯನ್ನೇ ನಿಮ್ಮ ಕಮಿಟಿಯ ಕೈಗೆ ಕೊಟ್ಟರೂ ಅದು ವಿದೇಶಿ ದೇಣಿಗೆಯೇ. ನಿಮ್ಮ ಕಡೆಯಿಂದ ಹೋಗಿ ಅಲ್ಲಿನ ಪೌರತ್ವ ಪಡೆದ ಆ ಇಬ್ಬರು ಕೊಡುವ ಹಣವೂ ಹಾಗೆಯೇ. ಭಾರತದ ಪಾಸ್‌ಪೋರ್ಟನ್ನು ಉಳಿಸಿಕೊಂಡ ಅನಿವಾಸಿಗಳು ತಮ್ಮ ಸ್ವಂತ ಉಳಿತಾಯದಿಂದ ಕೊಡುವುದಕ್ಕೆ ಮಾತ್ರ ಈ ನಿರ್ಬಂಧವಿಲ್ಲ. ಹಣದ ಬದಲು ಸಾಮಗ್ರಿ ಕೊಟ್ಟರೂ ಕಾಯ್ದೆ ಅದನ್ನು ದೇಣಿಗೆ ಎಂದೇ ಎಣಿಸುತ್ತದೆ. ಇಂಥ ದೇಣಿಗೆಯನ್ನು ಪಡೆಯಲು ಕೇಂದ್ರ ಗೃಹ ಸಚಿವಾಲಯದ ನೋಂದಣಿ ಇರಬೇಕು, ಇಲ್ಲವೇ ನಿರ್ದಿಷ್ಟ ಕೆಲಸಕ್ಕೆ ಪೂರ್ವಾನುಮತಿ ಪಡೆದಿರಬೇಕು. 2020ರ ತಿದ್ದುಪಡಿಯ ಮೇಲೆ ಹಣವು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯಲ್ಲಿ ತೆರೆದ ಖಾತೆಗೇ ಮೊದಲು ಬರಬೇಕು. ಅದೇ ತಿದ್ದುಪಡಿಯು ನೋಂದಣಿ ಇರುವ ಒಂದು ಸಂಸ್ಥೆ ತಾನು ಪಡೆದ ಹಣವನ್ನು ಇನ್ನೊಂದು ಸಂಸ್ಥೆಗೆ ಹಂಚುವುದನ್ನೂ ನಿಷೇಧಿಸಿದೆ. ಹಾಗಾಗಿ ದೊಡ್ಡ ಸಂಸ್ಥೆಯೊಂದರ ಖಾತೆಗೆ ತರಿಸಿ ನಿಮ್ಮ ಕಮಿಟಿಗೆ ದಾಟಿಸಿಕೊಳ್ಳುವ ಹಳೆಯ ದಾರಿ ಈಗ ಮುಚ್ಚಿದೆ. ಆ ಸಂಸ್ಥೆಯೇ ನೇರವಾಗಿ ಭವನವನ್ನು ಕಟ್ಟಿಸಿ, ತನ್ನ ಲೆಕ್ಕದಲ್ಲಿ ತೋರಿಸಬೇಕು. ಉಲ್ಲಂಘನೆಗೆ ಐದು ವರ್ಷಗಳವರೆಗೆ ಸೆರೆವಾಸ ವಿಧಿಸಲು ಕಾಯ್ದೆಯಲ್ಲಿ ಅವಕಾಶವಿದೆ. ಸಿಕ್ಕಿಬೀಳುವವರು ಕಮಿಟಿಯ ಕಾಗದಕ್ಕೆ ಸಹಿ ಹಾಕಿದ ಹಳ್ಳಿಯವರು, ವಿಮಾನ ಹತ್ತಿ ಹೋದವರಲ್ಲ.

ವೀಸಾದ ವಿಷಯ ಇಷ್ಟು. ಪ್ರವಾಸಿ ಇ-ವೀಸಾದಲ್ಲಿ ಯಾವುದೇ ಪ್ರತಿಫಲವಿಲ್ಲದೆ ಒಂದು ತಿಂಗಳು ಮೀರದಂತೆ ಸ್ವಯಂಸೇವೆ ಮಾಡಲು ಅವಕಾಶವಿದೆ. ಆದರೆ ಧರ್ಮಪ್ರಚಾರದ ಕೆಲಸಕ್ಕೆ ಬೇರೆಯೇ ಮಿಷನರಿ ವೀಸಾ ಬೇಕು. ಬೆಳಿಗ್ಗೆ ಗೋಡೆ ಕಟ್ಟಿ ಸಂಜೆ ಊರ ಕಟ್ಟೆಯ ಮೇಲೆ ಪ್ರವಚನ ಮಾಡಿದರೆ ವೀಸಾದ ಷರತ್ತು ಮುರಿದಂತೆ, ಮುಂದೆ ಅವರಿಗೆ ಈ ದೇಶದ ಬಾಗಿಲೇ ಮುಚ್ಚಬಹುದು. ಆ ಇಬ್ಬರ ಬಳಿ ಸಾಗರೋತ್ತರ ಭಾರತೀಯ ಪೌರರ ಕಾರ್ಡ್, ಅಂದರೆ ಓಸಿಐ ಇದ್ದರೆ, ತಮಗೆ ಯಾವ ವೀಸಾವೂ ಬೇಡವೆಂದು ಅವರು ತಿಳಿದಿರಬಹುದು. 2021ರ ಮಾರ್ಚ್‌ನ ಅಧಿಸೂಚನೆಯ ಪ್ರಕಾರ ಮಿಷನರಿ ಕೆಲಸಕ್ಕೆ ಓಸಿಐ ಹೊಂದಿದವರೂ ವಿಶೇಷ ಅನುಮತಿ ಪಡೆಯಬೇಕು. ಹೊರದೇಶದ ಅತಿಥಿಗಳನ್ನು ಮನೆಯಲ್ಲೋ ಸಭೆಯ ವಸತಿಯಲ್ಲೋ ಇರಿಸಿಕೊಂಡವರು, ಎಲ್ಲರೂ ಸಿ ಫಾರ್ಮ್ ಎಂದು ಕರೆಯುವ ಮಾಹಿತಿಯನ್ನು 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. ಠಾಣೆಗೂ ಒಂದು ಮಾತು ತಿಳಿಸಿಟ್ಟರೆ ಒಳ್ಳೆಯದು.

ಭವನದ ಜಾಗ ಇನ್ನೂ ಹೊಲವೆಂದೇ ಪಹಣಿಯಲ್ಲಿದ್ದರೆ ಭೂಪರಿವರ್ತನೆ ಆಗಬೇಕು, ಪಂಚಾಯಿತಿಯ ಪರವಾನಗಿ ಬೇಕು. ಇವೆರಡಕ್ಕೂ ತಿಂಗಳುಗಳು ಹಿಡಿಯುತ್ತವೆ. ಅತಿಥಿಗಳಿಗೆ ಟಿಕೆಟ್ ತೆಗೆಯಬೇಡಿರೆಂದು ಈಗಲೇ ಬರೆಯಿರಿ.

ಪ್ರಶ್ನೆ: ಹೀಗೆ ಬೇರೆ ದೇಶಕ್ಕೆ ಹೋಗಿ ಕಟ್ಟಿಕೊಡುವುದು ಯಾವಾಗ ಶುರುವಾಯಿತು? ಎಲ್ಲವೂ ಚರ್ಚುಗಳ ಕೆಲಸವೇ?
— ಕಲಬುರಗಿಯ ಪದವಿ ವಿದ್ಯಾರ್ಥಿನಿ

ಉತ್ತರ: ಮಿಷನ್ನುಗಳು ಕಟ್ಟಡ ಕಟ್ಟಿದ್ದು ಹಳೆಯ ಕತೆ. ಬೀದರಿನ ಮೆಥೋಡಿಸ್ಟ್ ಸಂಸ್ಥೆಗಳು, ಯಾದಗಿರಿಯ ಹೋಲ್ಸ್ಟನ್ ಆಸ್ಪತ್ರೆ ನಿಮ್ಮ ಕಣ್ಣೆದುರಿಗೇ ಇವೆ. ಆದರೆ ಆ ಕಾಲದ ಮಿಷನರಿಗಳು ವರ್ಷಗಟ್ಟಲೆ ಇಲ್ಲಿದ್ದು, ಇಲ್ಲಿನ ಭಾಷೆ ಕಲಿತು ಕೆಲಸ ಮಾಡಿದವರು. ಎರಡು ವಾರದ ಲೆಕ್ಕ ಅವರಿಗೆ ಇರಲಿಲ್ಲ. ಸ್ವಯಂಸೇವಕರು ಗುಂಪಾಗಿ ಹೋಗಿ ಸ್ವಲ್ಪ ಕಾಲ ಮೈಮುರಿದು ದುಡಿದು ಬರುವ ಶಿಬಿರದ ರೂಪ ಮೊದಲನೆಯ ಮಹಾಯುದ್ಧದ ನಂತರದ್ದು. ಸ್ವಿಟ್ಜರ್ಲೆಂಡಿನ ಪಿಯರ್ ಸೆರೆಸೋಲ್ ಎಂಬವರು 1920ರಲ್ಲಿ ಫ್ರಾನ್ಸಿನ ವರ್ಡನ್ ಬಳಿ ಯುದ್ಧದಲ್ಲಿ ನಾಶವಾಗಿದ್ದ ಎಸ್ನ್ ಎಂಬ ಹಳ್ಳಿಯನ್ನು ಮತ್ತೆ ಕಟ್ಟಲು, ಜರ್ಮನರನ್ನೂ ಸೇರಿಸಿಕೊಂಡು ಒಂದು ಸಣ್ಣ ಗುಂಪನ್ನು ಕರೆದೊಯ್ದರು. ಮೊನ್ನೆಮೊನ್ನೆಯವರೆಗೆ ಶತ್ರುಗಳಾಗಿದ್ದವರ ಕೈಯ ನೆರವು ಅಲ್ಲಿಯವರಿಗೆ ಒಗ್ಗಲಿಲ್ಲ. ಕೆಲವೇ ತಿಂಗಳಲ್ಲಿ ಶಿಬಿರ ನಿಂತಿತು. ಅದೇ ಸೆರೆಸೋಲ್ 1934ರ ಜನವರಿ 15ರ ಬಿಹಾರ ಭೂಕಂಪದ ನಂತರ ಭಾರತಕ್ಕೆ ಬಂದು, ರಾಜೇಂದ್ರ ಪ್ರಸಾದರು ನಡೆಸುತ್ತಿದ್ದ ಪರಿಹಾರ ಕಾರ್ಯದ ಜೊತೆ ಸೇರಿ ಹಳ್ಳಿಗಳನ್ನು ಕಟ್ಟುವುದರಲ್ಲಿ ತೊಡಗಿದರು. 1976ರಲ್ಲಿ ಅಮೆರಿಕದಲ್ಲಿ ಆರಂಭವಾದ ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿ ಕ್ರೈಸ್ತ ಮೂಲದ್ದಾದರೂ ಎಲ್ಲ ಮತದವರಿಗೂ ಮನೆ ಕಟ್ಟಿಕೊಡುತ್ತದೆ, ಮನೆ ಪಡೆಯುವ ಕುಟುಂಬವೂ ಜೊತೆಯಲ್ಲಿ ದುಡಿಯಬೇಕೆಂಬುದು ಅದರ ಪದ್ಧತಿ. ಭಾರತದಲ್ಲಿ ಅದು 1983ರಲ್ಲಿ ಖಮ್ಮಂನಲ್ಲಿ ಕೆಲಸ ಶುರುಮಾಡಿತು. 2006ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರೇ ಲೋಣಾವಳದ ಬಳಿ ನೂರು ಮನೆಗಳ ಕೆಲಸಕ್ಕೆ ಸುತ್ತಿಗೆ ಹಿಡಿದು ನಿಂತಿದ್ದರು.

ಪ್ರಶ್ನೆ: 1993ರ ಕಿಲ್ಲಾರಿ ಭೂಕಂಪವಾದಾಗ ನಮ್ಮ ಊರಿನಿಂದ ಎತ್ತಿನ ಬಂಡಿಯಲ್ಲಿ ರೊಟ್ಟಿ ಕಟ್ಟಿಕೊಂಡು ಹೋದವರಲ್ಲಿ ನಾನೂ ಒಬ್ಬ. ಆಗ ಎಲ್ಲೆಲ್ಲಿಂದಲೋ ಜನ ಬಂದು ಮನೆ ಕಟ್ಟಿಕೊಟ್ಟರು. ಹೊರಗಿನವರು ಕಟ್ಟುವುದೇ ತಪ್ಪೆಂದು ನೀವು ಹೇಳುತ್ತೀರಾ?
— ಬಸವಕಲ್ಯಾಣ ತಾಲ್ಲೂಕಿನ ಹಿರಿಯರು

ಉತ್ತರ: ಇಲ್ಲ, ಯಜಮಾನರೇ. ಊರಿಗೆ ಊರೇ ನೆಲಕ್ಕೊರಗಿ ಗೌಂಡಿಯ ಮನೆಯಲ್ಲೂ ಸೂತಕವಿರುವಾಗ ಹೊರಗಿನ ಕೈಗಳು ಬೇಕೇ ಬೇಕು. ಆ ವರ್ಷ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸತ್ತವರು ಎಂಟರಿಂದ ಹತ್ತು ಸಾವಿರ. ಅವರಲ್ಲಿ ಹೆಚ್ಚಿನವರು ಸತ್ತದ್ದು ತಮ್ಮದೇ ಗೋಡೆಗಳ ಅಡಿಯಲ್ಲಿ. ಕೆಸರಿನಲ್ಲಿ ಕೂಡಿಸಿದ ಎರಡಡಿ ದಪ್ಪದ ಗುಂಡುಕಲ್ಲಿನ ಗೋಡೆ, ಅದರ ಹೊರಮೈ ಒಳಮೈಗಳನ್ನು ಹೆಣೆದು ಹಿಡಿಯುವ ಉದ್ದಗಲ್ಲು ಇಲ್ಲ, ಮೇಲೆ ಮಾಳಿಗೆಯ ಮಣ್ಣಿನ ಭಾರ. ನೆಲ ಅಲುಗಿದೊಡನೆ ಗೋಡೆ ಎರಡು ಸೀಳಾಗಿ ಚಾವಣಿ ಕೆಳಗಿಳಿಯಿತು. ಗಡಿಯ ಈಚೆ ನಿಮ್ಮ ಕಡೆಯ ಹಳೆಯ ಮನೆಗಳೂ ಇದೇ ಬಗೆಯವು. ಇಂಥಲ್ಲಿ ಉದ್ದಗಲ್ಲು ಸೇರಿಸಿ ಕಟ್ಟುವುದನ್ನು, ಲಿಂಟಲ್ ಮಟ್ಟದಲ್ಲಿ ಸುತ್ತಲೂ ಕಾಂಕ್ರೀಟ್ ಪಟ್ಟಿ ಹಾಕುವುದನ್ನು ಊರಿನ ಗೌಂಡಿಗಳಿಗೆ ಕಲಿಸಿಹೋದವರ ಉಪಕಾರ ದೊಡ್ಡದು.

ಆದರೆ ಆಗ ಕಟ್ಟಿದ ಹೊಸ ಊರುಗಳಲ್ಲಿ ಆದದ್ದನ್ನೂ ನೀವು ನೋಡಿರುತ್ತೀರಿ. ಚೌಕಾಕಾರದ ಓಣಿಗಳಲ್ಲಿ ಒಂದೇ ಅಳತೆಯ ಮನೆಗಳು ಸಾಲಾಗಿ ಎದ್ದವು. ದನ ಕಟ್ಟಲು, ಕಣಕಿ ಒಟ್ಟಲು, ಹೆಣ್ಣುಮಕ್ಕಳು ಮರೆಯಲ್ಲಿ ಕೂತು ಕೆಲಸ ಮಾಡಲು ವಾಡೆಯಲ್ಲಿ ಇದ್ದಂಥ ಅಂಗಳ ಅನೇಕ ಕಡೆ ಉಳಿಯಲಿಲ್ಲ. ಹಳೆಯ ಊರಿನಲ್ಲಿ ಅಣ್ಣತಮ್ಮಂದಿರ ಮನೆಗಳು ಒಂದೇ ಅಂಗಳಕ್ಕೆ ಬಾಗಿಲು ತೆರೆದಿದ್ದರೆ, ಹೊಸ ಊರಿನಲ್ಲಿ ಮನೆಗಳು ಹಂಚಿಕೆಯಾದಂತೆ ಅವರು ಬೇರೆ ಬೇರೆ ಸಾಲುಗಳಿಗೆ ಹೋದರು. ನಕ್ಷೆ ಬರೆಯುವ ಮೊದಲು ಒಂದು ದಿನ ಆ ಅಂಗಳದಲ್ಲಿ ಕೂತು, ಬೆಳಗಿನಿಂದ ಸಂಜೆಯವರೆಗೆ ಅಲ್ಲಿ ಏನೇನು ನಡೆಯುತ್ತದೆಂದು ನೋಡಿದ್ದರೆ ಇದನ್ನು ತಪ್ಪಿಸಬಹುದಿತ್ತು. ನಮ್ಮ ಆಕ್ಷೇಪ ಇರುವುದು ಕೇಳದೆ ಕಟ್ಟುವುದರ ಬಗ್ಗೆ ಮಾತ್ರ.

ಪ್ರಶ್ನೆ: ನಾನು ಹೋಗುವುದು ಖಚಿತವಾಗಿದೆ. ಇಲ್ಲಿಂದ ಯಾವ ಸಾಮಾನು ಒಯ್ಯಲಿ?
— ಸೇಡಂನ ಓದುಗ

ಉತ್ತರ: ಸಿಮೆಂಟಿನ ಊರಿನವರು ನೀವು, ಸಿಮೆಂಟ್ ಒಯ್ಯಬೇಡಿ! ಹಾಸ್ಯ ಹಾಗಿರಲಿ, ಭಾರದ ಸಲಕರಣೆಗಳೆಲ್ಲ ಅಲ್ಲಿಯೇ ಸಿಗುತ್ತವೆ, ಅಲ್ಲಿನ ಅಂಗಡಿಯಲ್ಲೇ ಕೊಂಡು ಬರುವಾಗ ಅಲ್ಲಿನ ಗೌಂಡಿಗಳಿಗೆ ಬಿಟ್ಟುಬನ್ನಿ. ಗಟ್ಟಿ ಅಟ್ಟೆಯ ಬೂಟು, ರಬ್ಬರಿನ ಕೈಗವಸು, ಸುರಕ್ಷತಾ ಕನ್ನಡಕ ನಿಮ್ಮ ಅಳತೆಯವು ಇರಲಿ. ಹಸಿ ಸಿಮೆಂಟಿನ ಸುಣ್ಣ ಕೈ ಸುಡುತ್ತದೆ, ಬರಿಗೈಯಲ್ಲಿ ಮಾಲು ಹಿಡಿದವರು ಮೂರನೆಯ ದಿನವೇ ಕೆಲಸಕ್ಕೆ ಬಾರದಂತಾಗುತ್ತಾರೆ. ನಿಮ್ಮದೇ ಕರಣಿ, ತೂಗುಗುಂಡು, ಅಳತೆ ಟೇಪು ಇದ್ದರೆ ಚೆಕ್-ಇನ್ ಪೆಟ್ಟಿಗೆಯಲ್ಲಿ ಹಾಕಿ; ಕೈಚೀಲದಲ್ಲಿಟ್ಟರೆ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅಲ್ಲಿಯೇ ತೆಗೆದಿರಿಸಿಕೊಳ್ಳುತ್ತಾರೆ.